ಗುಂಡು ಕೂರಿಸುತ್ತಿದ್ದ ಕಾಕ

ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಪ್ರತಿ ಶುಕ್ರವಾರ ನಮಾಜಿಗೆ ಮುಂಚೆ ಬುಡಮಟ್ಟ ಕತ್ತರಿಸುತ್ತಿದ್ದ ಮನುಷ್ಯ, ಇದೊಂದನ್ನು ಅರ್ಧ ಕಡಲೆಬೀಜದಷ್ಟು ಉಳಿಸಿಕೊಂಡು, ಅಂಚನ್ನು ಉಜ್ಜಿ ನಯ ಮಾಡಿ ಇಟ್ಟುಕೊಂಡಿದ್ದರು. ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಬಲಗೈಯಲ್ಲಿ ಹಿಡಿದು, ಅದರ ಬಾಯಿಯ ಸುತ್ತ ಆ ಉಗುರನ್ನು ಒಂದು ಸುತ್ತು ಆಡಿಸುವರು. ಎಲ್ಲೋ ಕೂದಲೆಳೆಯಷ್ಟು ತರಿ ಸಿಕ್ಕಿದರೆ ಸಾಕು, "ಇದಕ್ಕೆ ಹಲ್ಲುಂಟು" ಎಂದು ಪಕ್ಕಕ್ಕೆ ಇಡುವರು. ನಾನು ಭೂತಗನ್ನಡಿ ಹಿಡಿದು ಐದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದರೂ ಕಾಣದ ಹಲ್ಲು ಅದು.

ದುಬೈಗೂ ಅಬುಧಾಬಿಗೂ ನಡುವೆ ಮರಳಿನಲ್ಲಿ ಒಂದು ಶೂಟಿಂಗ್ ಕ್ಲಬ್ಬು. ಅದರ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಬಾಗಿಲ ಪಕ್ಕದ ಗೋಡೆಯಲ್ಲಿ ಪೊಲೀಸರ ಅನುಮತಿ ಪತ್ರ, ಒಳಗೆ ನಾಲ್ಕು ಕೈಪ್ರೆಸ್ಸು. ಸದಸ್ಯರ ರೈಫಲ್ಲುಗಳಿಗೆ ಬೇಕಾದ ತೋಟಾಗಳನ್ನು ಅಲ್ಲಿ ಕೈಯಿಂದಲೇ ಕಟ್ಟುತ್ತಿದ್ದರು. ಹಿತ್ತಾಳೆಯ ಕೇಸಿಗೆ ಮದ್ದು ಅಳೆದು ಹಾಕಿ, ಅದರ ಬಾಯಿಗೆ ಗುಂಡನ್ನು ಇಟ್ಟು, ಪ್ರೆಸ್ಸಿನ ಹಿಡಿ ಎಳೆದು ಒಳಕ್ಕೆ ಒತ್ತಬೇಕು. ಇದಕ್ಕೆ ಕಾಕನ ಭಾಷೆಯಲ್ಲಿ "ಕೂರಿಸುವುದು". ಎಷ್ಟು ಆಳಕ್ಕೆ ಕೂತಿತು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನೂರು ಗುಂಡೂ ಒಂದೇ ಆಳಕ್ಕೆ ಕೂರಬೇಕು. ಹೇಳುವುದಕ್ಕೆ ಇಷ್ಟೇ.

ನಾನು ಮೈಸೂರಿನ ಒಂದು ಟೂಲ್ ರೂಮಿನಲ್ಲಿ ತಪಾಸಣೆ ವಿಭಾಗದಲ್ಲಿದ್ದವಳು. ಗಂಡನಿಗೆ ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಕೆಲಸ ಸಿಕ್ಕಿ ಅಲ್ ನಹ್ದಾಗೆ ಬಂದು, ಎರಡು ವರ್ಷ ಮನೆಯ ಗೋಡೆ ನೋಡಿ ಬೇಸತ್ತು, ಅಳತೆ ಗೊತ್ತಿರುವವರು ಬೇಕು ಎಂಬ ಜಾಹೀರಾತು ಕಂಡು ಅರ್ಜಿ ಹಾಕಿದ್ದೆ. ಬೇರಿಂಗೋ ಬೋಲ್ಟೋ ಇರಬೇಕು ಎಂದುಕೊಂಡಿದ್ದೆ. ಗುಂಡು ಎಂದು ತಿಳಿದಾಗ ಕೆಲಸ ಸಿಕ್ಕಿಯಾಗಿತ್ತು. ಮಗಳಂತೂ "ಅಮ್ಮಾ, ವಾಟ್ ಡು ಯು ಈವನ್ ಡು ದೇರ್?" ಎಂದು ಕೇಳುತ್ತಲೇ ಇದ್ದಳು. ಮೊದಲ ಆರು ತಿಂಗಳು ನನಗೂ ಅದೇ ಪ್ರಶ್ನೆ ಇತ್ತು.

ಕೋಣೆಯ ಯಜಮಾನರನ್ನು ಪಾಕಿಸ್ತಾನಿ ಡ್ರೈವರುಗಳು "ಉಸ್ತಾದ್" ಎನ್ನುತ್ತಿದ್ದರು. ಕೈಕೆಲಸ ಬಲ್ಲವರನ್ನು ಹಾಗೆ ಕರೆಯುವುದು ಇಲ್ಲಿನ ರೂಢಿ. ನಾನೂ ಮೊದಲ ದಿನ ಗೌರವದಿಂದ ಹಾಗೆಯೇ ಕರೆದೆ. ಅವರು ಗಾಬರಿಯಾಗಿ ಎರಡೂ ಕೈ ಎತ್ತಿದರು.

"ಮೇಡಂ, ಹಾಗೆ ಹೇಳಬೇಡಿ. ನಮ್ಮ ಉಳ್ಳಾಲದಲ್ಲಿ ಉಸ್ತಾದ್ ಅಂದರೆ ಮದ್ರಸದಲ್ಲಿ ಕಲಿಸುವವರು. ನಾನು ಕಲಿಯುವಾಗಲೇ ಓಡಿ ಬಂದವ. ಕಾಕ ಅಂತ ಹೇಳಿ, ಸಾಕು."

ಹಾಗೆ ಅವರು ನನಗೆ ಕಾಕನಾದರು. ಒಂದು ತಿಂಗಳಲ್ಲಿ ಮೇಡಂ ಆಗಿದ್ದ ನಾನು ಮಗಳಾದೆ, ನೀವು ಹೋಗಿ ನೀನು ಬಂತು.

ಅವರು ಮೂಲತಃ ಗಡಿಯಾರ ರಿಪೇರಿಯವರು. ಮೂವತ್ತು ವರ್ಷದ ಹಿಂದೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಗಡಿಯಾರದಂಗಡಿಗೆ ಬಂದು, ಜನ ಹೊತ್ತು ನೋಡುವುದಕ್ಕೂ ಫೋನನ್ನೇ ತೆಗೆಯುವ ಕಾಲ ಬಂದು ಆ ಅಂಗಡಿ ಮುಚ್ಚಿದಾಗ, ಗಿರಾಕಿಯಾಗಿದ್ದ ಕ್ಲಬ್ಬಿನ ಒಬ್ಬ ಸದಸ್ಯರು ಇವರ ಕೈ ನೋಡಿ ಇಲ್ಲಿಗೆ ಕರೆತಂದಿದ್ದರು. ಆಮೇಲೂ ಅದೇ ಬೀದಿಯ ಹಿಂದಿನ ಹಂಚಿಕೆಯ ರೂಮಿನಲ್ಲೇ ಉಳಿದರು. ಅಷ್ಟು ವರ್ಷ ಗುಂಡು ಕಟ್ಟಿದವರು ಒಂದು ದಿನವೂ ಬಂದೂಕು ಹಾರಿಸಿದವರಲ್ಲ. ಒಮ್ಮೆ ಕೇಳಿದೆ. "ನಾನು ಕೂರಿಸುವವ, ಹಾರಿಸುವವ ಅಲ್ಲ. ದೊಡ್ಡ ಶಬ್ದ ನನಗೆ ಆಗುವುದಿಲ್ಲ" ಎಂದರು. ಹೊರಗೆ ಅಭ್ಯಾಸ ಶುರುವಾದರೆ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದರು. ಈ ಮನುಷ್ಯನನ್ನು ಯಾವ ಖಾನೆಗೆ ಹಾಕುವುದೋ ನನಗೆ ತಿಳಿಯಲಿಲ್ಲ.

ನಾನು ಸೇರಿದ ಎರಡನೇ ಚಳಿಗಾಲದಲ್ಲಿ ತಾಪತ್ರಯ ಶುರುವಾಯಿತು. ನೂರು ಗುಂಡು ಕೂರಿಸಿದರೆ ಅದರಲ್ಲಿ ಇಪ್ಪತ್ತು ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ರೈಫಲ್ಲಿಗೆ ಹಾಕಿದರೆ ಕೆಲವಕ್ಕೆ ಹಿಂಬಾಗಿಲಿನಂಥ ಬೋಲ್ಟು ಮುಚ್ಚುತ್ತಿರಲಿಲ್ಲ. ಸದಸ್ಯರು ದೂರು ಕೊಟ್ಟರು. ನಮ್ಮ ಮ್ಯಾನೇಜರ್ ಜೋರ್ಡನ್ ಕಡೆಯವರು, ಎಲ್ಲರೂ ಅವರನ್ನು ಅರಬ್ಬಿಯಲ್ಲಿ ಮುದೀರ್ ಎನ್ನುತ್ತಿದ್ದರು. ಆ ಮುದೀರ್ ಬಾಗಿಲಲ್ಲೇ ನಿಂತು, ವಸಂತದ ಸ್ಪರ್ಧೆಯೊಳಗೆ ಇದು ಸರಿಹೋಗದಿದ್ದರೆ ಈ ಕೋಣೆ ಖಲಾಸ್, ಕಾರ್ಖಾನೆಯ ತೋಟಾ ತರಿಸುತ್ತೇನೆ, ಎಂದು ಹೋದರು.

ಕೋಣೆ ಹೋದರೆ ನನಗೆ ಇನ್ನೊಂದು ಕೆಲಸ ಸಿಕ್ಕೀತು. ಅರವತ್ತು ದಾಟಿದ ಕಾಕನ ವೀಸಾ ನಿಂತಿದ್ದು ಆ ನಾಲ್ಕು ಪ್ರೆಸ್ಸಿನ ಮೇಲೆ. ಆದರೆ ಅವರ ಚಿಂತೆ ವೀಸಾದ್ದಲ್ಲ.

"ಊರಿಗೆ ಹೋಗಲಿಕ್ಕೆ ನನಗೆಂತ ಬೇಜಾರು? ಹೆಂಡತಿ ಉಂಟು, ಮಗ ಉಂಟು. ಆದರೆ ಈ ಬ್ಯಾರಿಗೆ ಕೈ ನಡುಗ್ತದೆ, ಕೆಲಸ ಕೆಡಿಸಿದ, ಅದಕ್ಕೆ ಕಳಿಸಿದ್ದು ಅಂತ ಹೆಸರು ಬರಬಾರದು ಮಗಳೇ. ಅದೊಂದು ಬೇಡ."

ನಾನು ಶೂರೆಯಂತೆ ಒಂದೇ ದಿನದಲ್ಲಿ ಗುಂಡು ಒತ್ತುವ ಅಚ್ಚಾದ ಡೈ ಬಿಚ್ಚಿ, ಪ್ರೆಸ್ಸು ಬದಲಿಸಿ, ಬೇರೆ ಡಬ್ಬಿಯ ಗುಂಡು ತೆಗೆದು ಎಲ್ಲ ಹೊಸದಾಗಿ ಹೂಡಿದೆ. ಕಾಕ ಬಂದವರೇ ಎಲ್ಲವನ್ನೂ ಇದ್ದ ಹಾಗೆ ವಾಪಸು ಇಡಿಸಿದರು. "ಒಂದು ದಿವಸಕ್ಕೆ ಒಂದೇ ತಿರುಪು ತಿರುಗಿಸು. ಮೂರು ಒಟ್ಟಿಗೆ ತಿರುಗಿಸಿ ಸರಿ ಆಯ್ತು ಅಂತ ಇಟ್ಟುಕೋ. ಯಾವುದರಿಂದ ಸರಿ ಆದದ್ದು ಅಂತ ಯಾರನ್ನು ಕೇಳ್ತಿ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಇವರ ಲೆಕ್ಕದಲ್ಲಿ ಸ್ಪರ್ಧೆ ಮುಗಿದ ಮೇಲೆ ಗುಂಡು ಸರಿಹೋಗುತ್ತದೆ ಎಂದು ಗೊಣಗಿದೆ. ಅವರು ಬೇಸರಿಸಿಕೊಳ್ಳದೆ ಚಹಾ ಮಾಡಿಕೊಟ್ಟರು.

ಮೊದಲ ದಿನ ಸಿಕ್ಕಿದ್ದು ನನ್ನದೇ ತಪ್ಪು. ನಾನು ಕ್ಯಾಲಿಪರಿನಲ್ಲಿ ತೋಟಾದ ತಳದಿಂದ ಗುಂಡಿನ ತುದಿಯವರೆಗೆ ಅಳೆಯುತ್ತಿದ್ದೆ. ಕಾಕ ಹತ್ತು ಗುಂಡುಗಳನ್ನು ಸಾಲಾಗಿ ನಿಲ್ಲಿಸಿದರು. ಒಂದರ ತುದಿ ಚೂಪು, ಒಂದರದ್ದು ಮೊಂಡು.

"ಮೂತಿ ಅಳೆದು ಎಂತ ಮಾಡ್ತಿ? ಮೂತಿ ಒಬ್ಬೊಬ್ಬರದ್ದು ಒಂದೊಂದು ನಮೂನೆ. ಕೆನ್ನೆ ಅಳೆಯಬೇಕು. ನಳಿಗೆಗೆ ಮೊದಲು ತಾಗುವುದು ಕೆನ್ನೆ."

ಗುಂಡು ಸಪೂರವಾಗಿ ಬಾಗಲು ಶುರುವಾಗುವ ಕಡೆಗೆ ಅವರು ಕೆನ್ನೆ ಎನ್ನುತ್ತಿದ್ದರು. ಅಲ್ಲಿಗೆ ಒಂದು ಉಂಗುರ ತೊಡಿಸಿ ಅಳೆದಾಗ, ನಾನು ತಳ್ಳಿಹಾಕಿದ್ದ ಇಪ್ಪತ್ತರಲ್ಲಿ ಎಂಟು ಸರಿಯಾಗಿಯೇ ಇದ್ದವು. ಮರುದಿನ ಕೇಸುಗಳ ಬಾಯಿಯ ಹಲ್ಲು ಕೆರೆದೆವು. ಮತ್ತೆರಡು ಸರಿಹೋದವು. ಅದರ ಮರುದಿನ ಡೈ ಬಿಚ್ಚಿ ನೋಡಿದರೆ ಗುಂಡನ್ನು ಒತ್ತುವ ಕಡ್ಡಿಯ ತುದಿಯಲ್ಲಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಒರೆಸಿದೆವು. ಇನ್ನು ಮೂರು. ಉಳಿದವು ಯಾಕೆ ಹಾಗೆ ಎಂದು ಕೇಳಿದರೆ ಕಾಕ ತಲೆ ಕೆರೆದುಕೊಂಡು "ಗೊತ್ತಿಲ್ಲ" ಎಂದರು. ಆ ಪದವನ್ನು ಅವರಷ್ಟು ಸಲೀಸಾಗಿ ಹೇಳುವ ಕೆಲಸಗಾರರನ್ನು ನಾನು ನೋಡಿರಲಿಲ್ಲ. ನಮ್ಮ ಟೂಲ್ ರೂಮಿನಲ್ಲಿ ಹಾಗೆಂದವರ ಮರ್ಯಾದೆ ಮೂರು ಕಾಸಾಗುತ್ತಿತ್ತು. ಕೇಸುಗಳಲ್ಲಿ ಹಳತು ಹೊಸತು ಬೆರೆತಿರಬಹುದು, ಹಳತರ ಕುತ್ತಿಗೆ ಬಿಗಿ ಹೆಚ್ಚು, ಎಂದು ಅವರು ಅಂದಾಜು ಮಾಡಿ ಬೇರೆ ಬೇರೆ ಮಾಡಿಸಿದರು. ಆದರೂ ನೂರಕ್ಕೆ ಮೂರು ನಾಲ್ಕು ಮೊಂಡು ಹಿಡಿಯುತ್ತಿದ್ದವು. ಅವನ್ನು ಅಳೆದು ಹೊರಗಿಟ್ಟರಾಯಿತು ಎಂದು ತೀರ್ಮಾನವಾಯಿತು. ಇವತ್ತಿಗೂ ಅವು ಯಾಕೆ ಹಾಗೆ ಮಾಡುತ್ತವೆ ಎಂದು ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಕಾಕನಿಗೆ ಕಣ್ಣಿನ ಪೊರೆಯ ಆಪರೇಷನ್ ದಿನ ಬಂತು. ಒಂದು ವಾರ ರಜೆ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟರು. ಒಬ್ಬ ಹಿರಿಯ ಸದಸ್ಯರ ರೈಫಲ್ಲಿಗೆ ನೂರು ತೋಟಾ ಬೇಕಿತ್ತು. ಗುಂಡು ಹೊಸ ಕಂಪನಿಯದ್ದು.

"ಮೇಲಿಂದ ನಿಧಾನ ಇಳಿಸುತ್ತ ಬಾ. ಈ ಅಳತೆಗೆ ಬಂದರೆ ಆಯ್ತು. ನಾನು ಫೋನ್ ಮಾಡ್ತೇನೆ. ಒಂದು ನೆನಪಿಟ್ಟುಕೋ, ಕೆನ್ನೆ ನಳಿಗೆಯ ಗೆರೆಗೆ ತಾಗಬಾರದು."

ರೈಫಲ್ಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸಲು ಸುರುಳಿ ಗೆರೆಗಳಿರುತ್ತವೆ. ಗುಂಡು ಅವಕ್ಕೆ ಕೂದಲಷ್ಟು ದೂರದಲ್ಲಿ ನಿಲ್ಲಬೇಕು. ಮೊದಲೇ ಒತ್ತಿಕೊಂಡು ನಿಂತರೆ ಸಿಡಿಯುವಾಗ ಒತ್ತಡ ಏರುತ್ತದೆ, ಹಾರಿಸುವವರ ಕಣ್ಣಿಗೇ ಬರಬಹುದು. ಇದನ್ನು ಕಾಕ ಒಂದೇ ಪದದಲ್ಲಿ "ತಾಗಬಾರದು" ಎನ್ನುತ್ತಿದ್ದರು. ನಾನು ನನ್ನ ನೋಟ್ ಪುಸ್ತಕದಲ್ಲಿ "ಮುಟ್ಟಬಾರದು" ಎಂದು ಬರೆದುಕೊಂಡಿದ್ದೆ. ಎರಡೂ ಒಂದೇ ತಾನೆ?

ಆಪರೇಷನ್ ಆದ ಮರುದಿನ ಮಧ್ಯಾಹ್ನ. ಮದ್ದಿಲ್ಲದ ಒಂದು ಪರೀಕ್ಷೆಯ ತೋಟಾ ಮಾಡಿ, ಗುಂಡಿಗೆ ಕರಿ ಮಾರ್ಕರು ಹಚ್ಚಿ ಆ ಸದಸ್ಯರ ರೈಫಲ್ಲಿಗೆ ಹಾಕಿ ತೆಗೆದೆ. ಕೆನ್ನೆಯ ಮೇಲೆ ಗೆರೆಯ ಗಾಯಗಳು. ಇನ್ನೂ ಚೀಟಿಯ ಅಳತೆಗೆ ಬಂದಿರಲಿಲ್ಲ, ಇಳಿಸಬೇಕಿತ್ತು. ಅಷ್ಟರಲ್ಲಿ ಫೋನು. ಕಣ್ಣಿಗೆ ಮದ್ದು ಹಾಕಿದ್ದಾರೆ, ಉರಿ ಉಂಟು, ಎಂದರು ಕಾಕ. ಕೋವಿಮದ್ದಿನ ಡಬ್ಬಿ ಎದುರಿಗಿಟ್ಟುಕೊಂಡು ಕೂತಿದ್ದ ನನಗೆ ಒಂದು ಕ್ಷಣ ಈ ಮದ್ದೇ ಎಂದು ಗಾಬರಿಯಾಗಿ, ಆಮೇಲೆ ನಗು ಬಂತು.

"ಅದಿರಲಿ ಮಗಳೇ, ಮುಟ್ಟಿತಾ?"

"ಮುಟ್ಟಿತು ಕಾಕ, ಮುಟ್ಟಿಬಿಡ್ತು."

"ಹಾಂ, ಆಯ್ತಲ್ಲ! ಇನ್ನು ಅಲುಗಿಸಬೇಡ. ಲಾಕ್ ಮಾಡು, ನೂರೂ ಕೂರಿಸು."

"ನೂರೂನಾ?"

"ನೂರು. ನಾಡಿದ್ದು ಅವರಿಗೆ ಬೇಕಲ್ಲ?"

ಹಿಂದಿನಿಂದ ಯಾರೋ ನರ್ಸು ಕರೆದರು, ಫೋನು ಕಟ್ಟಾಯಿತು.

ಚೀಟಿಯನ್ನು ಮತ್ತೆ ತೆಗೆದು ನೋಡಿದೆ. ತಾಗಬಾರದು ಎಂದು ನಾನು ಸೇರಿದಾಗಿನಿಂದ ಬಡಿದುಕೊಂಡವರು ಈಗ ಮುಟ್ಟಿತು ಎಂದರೆ ಖುಷಿಪಡುತ್ತಿದ್ದಾರೆ. ಚೀಟಿಯ ಅಳತೆ ಬೇರೆ, ಪ್ರೆಸ್ಸಿನ ಅಳತೆ ಬೇರೆ. ವಾಪಸು ಫೋನ್ ಮಾಡಬೇಕು ಎಂದು ಕೈಗೆತ್ತಿಕೊಂಡೆ. ಕಣ್ಣು ಕೊಯ್ಸಿಕೊಂಡು ಮಲಗಿದವರನ್ನು ಯಾಕೆ ಕಾಡಲಿ? ಕೆಲವು ಶೂಟರುಗಳು ಮುಟ್ಟಿಸಿಯೇ ಹಾರಿಸುತ್ತಾರೆ ಎಂದು ಎಲ್ಲೋ ಓದಿದ ನೆನಪಿತ್ತು. ಹೊಸ ಕಂಪನಿಯ ಗುಂಡಿಗೆ ಹಾಗೇ ಇರಬೇಕು. ಕಾಕನಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು? ನಿಜ ಹೇಳಬೇಕೆಂದರೆ, ಮತ್ತೆ ಕೇಳಿದರೆ ಇಷ್ಟೂ ತಿಳಿಯದ ಪೆದ್ದಿ ಎಂದುಕೊಂಡಾರು ಎಂಬ ಅಂಜಿಕೆ. ಲಾಕ್ ಮಾಡಿದೆ. ನೂರೂ ಕೂರಿಸಿದೆ.

ಎರಡು ದಿನದ ನಂತರ ಆ ಸದಸ್ಯರು ಎರಡು ಸುತ್ತು ಹಾರಿಸಿದರು. ಬೋಲ್ಟು ಎಳೆಯಲು ಬಾರದಷ್ಟು ಬಿಗಿಯಾಯಿತು. ಮೂರನೆಯದನ್ನು ಹಾರಿಸದೆ ಹೊರಗೆಳೆದಾಗ ಕೇಸು ಮಾತ್ರ ಬಂತು. ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು ಉಳಿದು, ಮದ್ದೆಲ್ಲ ರೈಫಲ್ಲಿನ ಹೊಟ್ಟೆಗೆ ಚೆಲ್ಲಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಅನುಭವಸ್ಥರಾದ ಆ ಹಿರಿಯರ ಮುಖ ಬಿಳುಚಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ಸುದ್ದಿ ತಿಳಿದ ಕಾಕ ಕಪ್ಪು ಕನ್ನಡಕ ಹಾಕಿಕೊಂಡು ಮರುದಿನವೇ ಬಂದರು. ಉಳಿದ ತೋಟಾಗಳಲ್ಲಿ ಒಂದನ್ನು ಅಳೆಯಿಸಿದರು. ಕನ್ನಡಕದೊಳಗೆ ಕಣ್ಣು ಕಾಣುತ್ತಿರಲಿಲ್ಲ.

"ಮಗಳೇ, ಅಳತೆಗೆ ಮುಟ್ಟಿತು ಅಂತ ಹೇಳಿದೆಯಲ್ಲ?"

"ಅಳತೆಗೆ ಅಲ್ಲ ಕಾಕ! ಗೆರೆಗೆ ಮುಟ್ಟಿತು ಅಂದೆ. ನೀವು ತಾನೇ ಮುಟ್ಟಿತಾ ಅಂತ ಕೇಳಿದ್ದು?"

"ಅಯ್ಯೋ ದೇವರೇ. ಅದಕ್ಕೆ ನಾವು ತಾಗುವುದು ಅಂತಲ್ಲವಾ ಹೇಳುವುದು? ಮುಟ್ಟುವುದು ಅಂದರೆ ನಮ್ಮಲ್ಲಿ ತಲುಪುವುದು. ಮನೆಗೆ ಮುಟ್ಟಿತಾ, ಊರಿಗೆ ಮುಟ್ಟಿತಾ ಅಂತ ಕೇಳುವುದಿಲ್ಲವಾ?"

ನಾನು ಓಡಾಡುವ ಬಸ್ಸಿನಲ್ಲಿ ಮಂಗಳೂರಿನವರು ದಿನಾ ಫೋನಿನಲ್ಲಿ ಮನೆ ಮುಟ್ಟಿದೆ, ರೂಮಿಗೆ ಮುಟ್ಟಿದೆ ಎನ್ನುವುದನ್ನು ಕೇಳಿದ್ದೆ. ಕೇಳಿಯೂ ಆ ಕೋಣೆಯಲ್ಲಿ ಅದಕ್ಕೆ ಬೇರೆ ಅರ್ಥ ಇರಬಹುದು ಎಂದು ಹೊಳೆದಿರಲಿಲ್ಲ. ಒಂದೇ ಕನ್ನಡ ಮಾತಾಡುವ ಇಬ್ಬರು, ಮೂರನೆಯವರಿಲ್ಲದ ಕೋಣೆಯಲ್ಲಿ, ಒಬ್ಬರನ್ನೊಬ್ಬರು ತಿಳಿಯದೇ ಹೋದೆವು. ಅಳುವುದೋ ನಗುವುದೋ ಗೊತ್ತಾಗದೆ ನಿಂತಿದ್ದೆ. ಕಾಕ ಮಾತ್ರ ಒಂದು ಸಣ್ಣ ನಗೆ ನಕ್ಕು, ನನ್ನನ್ನು ಅಲ್ಲೇ ಕೂರಿಸಿ, ಒಬ್ಬರೇ ಮುದೀರ್ ಬಳಿ ಹೋದರು.

ಅರ್ಧ ಗಂಟೆಯ ಮೇಲೆ ಬಂದು ಹತ್ತಿ, ಚಹಾದ ಲೋಟ, ಜಪಮಣಿ ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡರು. ನಾನೇ ಹೇಳಿ ಕೂರಿಸಿದ್ದು, ಎಂದು ಸಹಿ ಹಾಕಿ ಬಂದಿದ್ದೇನೆ ಎಂದರು. ನಾನು ಹೋಗಿ ಹೇಳ್ತೀನಿ, ನನಗೆ ಸಂಶಯ ಬಂದಿತ್ತು, ಬಂದೂ ಕೇಳಲಿಲ್ಲ, ತಪ್ಪು ನನ್ನದು ಎಂದೆ.

"ಸುಮ್ಮನಿರು. ಕನ್ನಡಕ್ಕೂ ಕನ್ನಡಕ್ಕೂ ಜಗಳ ಆಯ್ತು ಅಂತ ಅವರಿಗೆ ಅರಬ್ಬಿಯಲ್ಲಿ ಹೇಗೆ ಹೇಳ್ತಿ? ಇಬ್ಬರೂ ಹೋದರೆ ಈ ಕೋಣೆಯೇ ಹೋಗ್ತದೆ. ನೀನು ಕೂರು."

ನಾನು ಕೂತೆ. ಎರಡು ಹೆಜ್ಜೆಯಷ್ಟು ದೂರ ಇತ್ತು ಮುದೀರ್ ಕೋಣೆ. ಯಾಕೆ ಏಳಲಿಲ್ಲ ಎಂದು ಈಗಲೂ ತಿಳಿಯುತ್ತಿಲ್ಲ. ಅವರು ಕೂರು ಎಂದದ್ದಕ್ಕೋ, ನನಗೇ ಕೂರುವುದು ಬೇಕಿತ್ತೋ. ಕೋಣೆ ಉಳಿಯಿತು, ಆ ತಿಂಗಳ ಕೊನೆಗೆ ಅವರ ವೀಸಾ ರದ್ದಾಯಿತು. ಯಾವ ಹೆಸರು ಬರಬಾರದು ಎಂದು ಹೆದರಿದ್ದರೋ ಅದೇ ಹೆಸರು ಹೊತ್ತುಕೊಂಡು ಊರಿಗೆ ಹೋದರು. ಕಣ್ಣು ಕಾಣದ ಮುದುಕನ ಕೈಗೆ ಗುಂಡು ಕೊಟ್ಟಿದ್ದರಂತೆ ಎಂದು ಕ್ಲಬ್ಬಿನಲ್ಲಿ ಎಷ್ಟೋ ದಿನ ಮಾತಾಡಿಕೊಂಡರು. ನಾನು ಕೇಳಿಯೂ ಕೇಳದವಳ ಹಾಗೆ ಚಹಾ ಕುಡಿದೆ.

ಆಮೇಲೆ ಮೂರು ವರ್ಷ ಅವರು ಫೋನ್ ಮಾಡುತ್ತಿದ್ದರು. ಕ್ಷೇಮ ಕೇಳಿದ ಮೇಲೆ ಒಂದೇ ವಿಚಾರ, ಆ ಮೂರು ನಾಲ್ಕು ಮೊಂಡು ಗುಂಡುಗಳದ್ದು. "ಕಾರಣ ಸಿಕ್ಕಿತಾ?" ಇಲ್ಲ ಎಂದರೆ, "ಸಿಗ್ತದೆ, ಒಂದೊಂದೇ ನೋಡು" ಎನ್ನುವರು. ಆ ಸಹಿಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ವರ್ಷ ರಂಜಾನ್ ಕಳೆದು ಕೆಲವು ದಿನಕ್ಕೆ ಅವರ ನಂಬರಿನಿಂದಲೇ ಕರೆ ಬಂತು. ಮಾತಾಡಿದ್ದು ಮಗ.

"ಅಕ್ಕಾ, ಉಪ್ಪ ತೀರಿಕೊಂಡರು. ಮೊನ್ನೆ. ನಿಮ್ಮ ವಿಷಯ ಯಾವಾಗಲೂ ಹೇಳ್ತಿದ್ದರು, ಅದಕ್ಕೆ ತಿಳಿಸಿದ್ದು."

ಆಮೇಲೆ ಅವನೇ ಕೇಳಿದ.

"ಒಂದು ಕೇಳ್ಲಾ ಅಕ್ಕಾ? ಅಲ್ಲಿಂದ ಬಂದವರು ಯಾರೋ ಉಪ್ಪ ಏನೋ ಕೆಲಸ ಕೆಡಿಸಿದ್ದಕ್ಕೆ ಕಳಿಸಿದ್ದು ಅಂತ ಹೇಳಿದರು. ಉಪ್ಪ ಮಾತ್ರ ಕಣ್ಣಿಗಾಗಿ ನಾನೇ ಬಿಟ್ಟದ್ದು ಅಂತ ಹೇಳ್ತಿದ್ದರು. ಕಣ್ಣಿಗಾಗಿಯೇ ಅಲ್ಲವಾ?"

"ಹೌದು" ಎಂದೆ. ಫೋನಿಟ್ಟ ಮೇಲೆ ಗೊತ್ತಾಯಿತು, ನಾನು ಎರಡನೇ ಸಲ ಕೂತುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಮುದೀರ್ ಕೋಣೆಗೆ ಹೋಗಿ ಆ ಹಳೆಯ ಘಟನೆಯ ಫೈಲು ಕೇಳಿದೆ. ಅವರು ಹುಬ್ಬೇರಿಸಿ, ಹುಡುಕಿ ತೆಗೆದರು. ಮೇಲೆ ಅವರೇ ಬರೆದ ಅರಬ್ಬಿ ಹೇಳಿಕೆ, ಅದರಡಿ ಕಾಕನ ಸಹಿ. ಸಹಿಯ ಕೆಳಗೆ ಮೂರು ಸಾಲು ಕನ್ನಡ. ಐದನೇ ಕ್ಲಾಸಿನ ದುಂಡು ಅಕ್ಷರ.

"ಇದು ಏನೆಂದು ಇಲ್ಲಿ ಯಾರಿಗೂ ಓದಲು ಬರಲಿಲ್ಲ. ದೇವರ ದುಆ ಇರಬೇಕು ಎಂದುಕೊಂಡೆವು. ಏನಿದೆ?" ಎಂದು ಮುದೀರ್ ಇಂಗ್ಲಿಷಿನಲ್ಲಿ ಕೇಳಿದರು.

ನಾನು ಓದಿದೆ. "ಆ ಹುಡುಗಿ ಸರಿಯಾಗಿ ಹೇಳಿದ್ದಾಳೆ. ನಾನು ಕೇಳಿದ್ದು ಸರಿ ಇಲ್ಲ. ಅವಳಿಗೆ ಕೆಲಸ ಗೊತ್ತುಂಟು, ಅವಳನ್ನು ತೆಗೆಯಬಾರದು."

ಓದಲು ಬಲ್ಲವಳು ಆ ಕ್ಲಬ್ಬಿನಲ್ಲಿ ನಾನೊಬ್ಬಳೇ. ಮೂರು ವರ್ಷ ಅದು ಗೋಡೆಯ ಆಚೆಗೆ ಇತ್ತು. ನನಗೆ ತಡೆಯಲಾಗಲಿಲ್ಲ, ಅಲ್ಲೇ ಅತ್ತೆ. ಮುದೀರ್ ಟಿಶ್ಯೂ ಪೇಪರಿನ ಡಬ್ಬಿ ಮುಂದಕ್ಕೆ ತಳ್ಳಿ ಕಾದರು. ಆಮೇಲೆ ಎಲ್ಲ ಹೇಳಿದೆ. ಮುಟ್ಟುವುದು, ತಾಗುವುದು, ತಲುಪುವುದು. ಅವರಿಗೆ ಎಷ್ಟು ಅರ್ಥವಾಯಿತೋ.

"ನಿನಗೆ ಸಂಶಯ ಬಂದಿತ್ತೆ?"

"ಬಂದಿತ್ತು."

"ಆದರೂ ನೂರು ಮಾಡಿದೆ?"

"ಮಾಡಿದೆ."

ಅವರು ಫೈಲು ಮುಚ್ಚಿದರು. ಸಹಿಯಾದ ಕಾಗದದಿಂದ ಅವನ ಹೆಸರು ತೆಗೆಯಲು ಬರುವುದಿಲ್ಲ, ಬೇಕಿದ್ದರೆ ನಿನ್ನ ಹೆಸರು ಸೇರಿಸಬಹುದು, ಆದರೆ ಆಮೇಲೆ ಏನಾಗುತ್ತದೆ ಎಂದು ನಾನು ಮಾತು ಕೊಡಲಾರೆ, ಎಂದರು.

ಖಾಲಿ ಫಾರಂ ತೆಗೆದುಕೊಂಡು ಇಂಗ್ಲಿಷಿನಲ್ಲಿ, ಎಲ್ಲರೂ ಓದುವ ಹಾಗೆ ದೊಡ್ಡ ಅಕ್ಷರದಲ್ಲಿ, ನಡೆದದ್ದನ್ನೂ ನನ್ನ ತಪ್ಪನ್ನೂ ಬರೆದೆ. ಸಹಿ ಹಾಕಿದೆ. ಹೊರಗೆ ಅಭ್ಯಾಸ ಶುರುವಾಗಿತ್ತು, ಸದ್ದು ಕಿವಿ ತುಂಬುತ್ತಿತ್ತು. ಪಾರ್ಕಿಂಗಿನ ಕೊನೆಯವರೆಗೆ ನಡೆದು ಉಳ್ಳಾಲಕ್ಕೆ ಫೋನ್ ಮಾಡಿದೆ. ಕಾಕನ ಮಗ ಎತ್ತಿದ.

"ನಿನ್ನೆ ನೀನು ಕೇಳಿದ್ದಕ್ಕೆ ಹೌದು ಅಂದೆ ನೋಡಪ್ಪಾ, ಅದು ಸುಳ್ಳು" ಎಂದೆ. "ನಿಮ್ಮ ತಾಯಿಯವರನ್ನೂ ಹತ್ತಿರ ಕರಿ. ಇಬ್ಬರಿಗೂ ಹೇಳ್ಬೇಕು."